ಫ್ಯೂಯೆಲ್ ಮಾಡ್ಯೂಲ್‌ಗೆ ಥ್ರಾಟಲ್ ಸೆನ್ಸರ್ ಹೊಂದಿಸುವಾಗ: ಎರಡು ಸಂಖ್ಯೆ, ಅದರ ಹಿಂದಿನ ಕೆಲಸ

ಫ್ಯೂಯೆಲ್ ಮಾಡ್ಯೂಲ್ (ಇಂಜೆಕ್ಟರ್‌ಗೆ ಹೋಗುವ ಇಂಧನದ ಆದೇಶವನ್ನು ತಿದ್ದುವ ಹೆಚ್ಚುವರಿ ಪೆಟ್ಟಿಗೆ) ಕೂರಿಸಿದ ಬೈಕ್ ಸಣ್ಣ ಥ್ರಾಟಲ್‌ನಲ್ಲಿ ಜರ್ಕ್ ಹೊಡೆಯುತ್ತಿದೆ ಅಂದರೆ ಹೆಚ್ಚಿನವರು ಮೊದಲು ಕೈ ಹಾಕುವುದು ಮ್ಯಾಪ್‌ಗೆ, ಅಂದರೆ ಯಾವ ಥ್ರಾಟಲ್‌ಗೆ, ಯಾವ ಆರ್‌ಪಿಎಂಗೆ ಇಂಧನ ಎಷ್ಟು ಕೂಡಿಸಬೇಕು, ಕಳೆಯಬೇಕು ಎನ್ನುವ ಕೋಷ್ಟಕಕ್ಕೆ. ಒಂದು ಮ್ಯಾಪ್ ತೆಗೆದು ಇನ್ನೊಂದು ಹಾಕುತ್ತಾರೆ, ಅದೂ ಸರಿಯಿಲ್ಲ ಅಂತ ಮೂರನೆಯದು ಹುಡುಕುತ್ತಾರೆ. ಮ್ಯಾಪ್ ಮುಟ್ಟುವ ಮುಂಚೆ ನೋಡಬೇಕಾದದ್ದು ಒಂದೇ: ಥ್ರಾಟಲ್ ಎಷ್ಟು ತೆರೆದಿದೆ ಅನ್ನುವುದು ಮಾಡ್ಯೂಲ್‌ಗೆ ಸರಿಯಾಗಿ ಗೊತ್ತಾಗುತ್ತಿದೆಯೇ? ಅದು ತಪ್ಪಿದ್ದರೆ ಎಂಥ ಒಳ್ಳೆಯ ಮ್ಯಾಪ್ ಹಾಕಿದರೂ ತಪ್ಪು ಜಾಗದ ಸಂಖ್ಯೆಯೇ ಇಂಜೆಕ್ಟರ್‌ಗೆ ಹೋಗುತ್ತದೆ. ತಕ್ಕಡಿಯ ಮುಳ್ಳು ನಡುವೆ ನಿಲ್ಲದೆ ತೂಕ ಹಾಕಿದ ಹಾಗೆ.

ಇಲ್ಲಿ ಬರೆದಿರುವುದು ಕೇಬಲ್ ಥ್ರಾಟಲ್ ಇರುವ ನಾಲ್ಕು ಸಿಲಿಂಡರ್ ಗಾಡಿಯೊಂದಕ್ಕೆ ಪವರ್ ಕಮಾಂಡರ್ 5 ಎನ್ನುವ ಮಾಡ್ಯೂಲ್ ಕೂರಿಸಿ ಕ್ಯಾಲಿಬ್ರೇಟ್ ಮಾಡಿದ ಬಗೆ. ಬೇರೆ ಮಾಡ್ಯೂಲ್‌ಗಳಲ್ಲಿ ಮೆನುವಿನ ಹೆಸರು ಬೇರೆ ಇರಬಹುದು, ಹಿಂದಿನ ಲೆಕ್ಕ ಬಹುತೇಕ ಇದೇ.

ಥ್ರಾಟಲ್ ಪೊಸಿಷನ್ ಸೆನ್ಸರ್‌ಗೆ ಮೂರು ವೈರ್. ಒಂದರಲ್ಲಿ ಇಸಿಯು (ಎಂಜಿನ್ ನಿಯಂತ್ರಿಸುವ ಗಾಡಿಯದೇ ಕಂಪ್ಯೂಟರ್) ಕೊಡುವ 5 ವೋಲ್ಟ್, ಒಂದು ಗ್ರೌಂಡ್, ಮೂರನೆಯದು ಸಿಗ್ನಲ್. ಥ್ರಾಟಲ್ ಮುಚ್ಚಿದ್ದಾಗ ಸಿಗ್ನಲ್ ಅರ್ಧ ವೋಲ್ಟಿನ ಆಚೀಚೆ ಇರುತ್ತದೆ, ಪೂರ್ತಿ ತೆರೆದಾಗ 4 ವೋಲ್ಟಿನ ಸುತ್ತಮುತ್ತ. ಈ ಗಾಡಿಯಲ್ಲಿ ಬಂದದ್ದು 0.624 ಮತ್ತು 4.086. ಮಾಡ್ಯೂಲ್ ಮಾಡುವ ಲೆಕ್ಕ ಸರಳ: ಈಗಿನ ವೋಲ್ಟೇಜ್‌ನಿಂದ ಮುಚ್ಚಿದಾಗಿನ ವೋಲ್ಟೇಜ್ ಕಳೆದು, ಒಟ್ಟು ವ್ಯತ್ಯಾಸದಿಂದ ಭಾಗಿಸಿ, ನೂರರಿಂದ ಗುಣಿಸುವುದು. ಇಲ್ಲಿ ಒಟ್ಟು ವ್ಯತ್ಯಾಸ 3.462 ವೋಲ್ಟ್, ಅಂದರೆ ಶೇ 1ರಷ್ಟು ಥ್ರಾಟಲ್‌ಗೆ ಸಿಗುವುದು ಹೆಚ್ಚುಕಡಿಮೆ 0.035 ವೋಲ್ಟ್. ಕ್ಯಾಲಿಬ್ರೇಷನ್ ಅಂದರೆ ಆ ಎರಡು ತುದಿಯ ಸಂಖ್ಯೆಗಳನ್ನು ಮಾಡ್ಯೂಲ್‌ಗೆ ಹೇಳಿಕೊಡುವುದು, ಅಷ್ಟೇ.

ಎರಡರಲ್ಲಿ ಕೆಳಗಿನ ಸಂಖ್ಯೆಯೇ ಮುಖ್ಯ. ಪವರ್ ಕಮಾಂಡರ್ 5ರ ಮ್ಯಾಪ್‌ನಲ್ಲಿ ಥ್ರಾಟಲ್ ಕಾಲಂಗಳು 0, 2, 5, 10, 15, 20, 40, 60, 80, 100 ಎಂದಿವೆ. ಹತ್ತರಲ್ಲಿ ಆರು ಕಾಲಂ ಮೊದಲ ಶೇ 20ರೊಳಗೇ ಕೂತಿವೆ. ಥ್ರಾಟಲ್ ಬಟರ್‌ಫ್ಲೈ (ಗಾಳಿಯ ದಾರಿಯಲ್ಲಿ ತಿರುಗುವ ತಟ್ಟೆ) ತುಸು ತೆರೆದರೂ ಒಳಗೆ ಹೋಗುವ ಗಾಳಿ ದಿಢೀರನೆ ಹೆಚ್ಚುವುದು ಅಲ್ಲೇ, ಊರೊಳಗೆ ಗಾಡಿ ಓಡುವುದೂ ಬಹುಪಾಲು ಅಲ್ಲೇ. ಎರಡು ಕಾಲಂ ನಡುವೆ ಥ್ರಾಟಲ್ ಇದ್ದರೆ ಮಾಡ್ಯೂಲ್ ಎರಡರಿಂದಲೂ ಪಾಲು ಹಾಕಿ ಸಂಖ್ಯೆ ತೆಗೆಯುತ್ತದೆ. ಹಾಗಾಗಿ ಕೆಳತುದಿಯಲ್ಲಿ 0.05 ವೋಲ್ಟ್ ತಪ್ಪಿದರೂ ಕೈಗೆ ಗೊತ್ತಾಗುತ್ತದೆ. ಮೇಲಿನ ತುದಿಯಲ್ಲಿ ಅಷ್ಟೇ ತಪ್ಪಿದರೆ ಬಹಳ ಸವಾರರಿಗೆ ತಿಳಿಯುವುದೇ ಇಲ್ಲ.

ಲೆಕ್ಕ ಹಾಕಿಯೇ ನೋಡೋಣ. ಇದೇ ಗಾಡಿಯ ಎಂಜಿನ್ ತಣ್ಣಗಿದ್ದಾಗ ಸಿಗ್ನಲ್ 0.702 ತೋರಿಸುತ್ತಿತ್ತು, ಏಕೆಂದರೆ ಇದರ ಥ್ರಾಟಲ್ ಬಾಡಿಯಲ್ಲಿ ಮೇಣ ತುಂಬಿದ ಫಾಸ್ಟ್ ಐಡಲ್ ಘಟಕವಿದೆ. ಕೂಲೆಂಟ್ ತಣ್ಣಗಿರುವಾಗ ಅದು ಬಟರ್‌ಫ್ಲೈಗಳನ್ನೇ ತುಸು ತೆರೆದು ಹಿಡಿದಿರುತ್ತದೆ, ಬಿಸಿಯಾದಂತೆ ಬಿಟ್ಟುಕೊಡುತ್ತದೆ. ಯಾರಾದರೂ ಅವಸರದಲ್ಲಿ 0.702 ಅನ್ನೇ ಸೊನ್ನೆ ಎಂದು ಸೇವ್ ಮಾಡಿದರು ಅನ್ನಿ. ಎಂಜಿನ್ ಬಿಸಿಯಾದ ಮೇಲೆ ಥ್ರಾಟಲ್ ನಿಜಕ್ಕೂ ಶೇ 2.3 ತೆರೆಯುವವರೆಗೂ ಮಾಡ್ಯೂಲ್ ಸೊನ್ನೆಯಲ್ಲೇ ಕೂತಿರುತ್ತದೆ. ನಿಜವಾದ ಶೇ 5 ಅದಕ್ಕೆ 2.8 ಆಗಿ ಕಾಣುತ್ತದೆ, ಶೇ 10 ಅನ್ನುವುದು 7.9 ಆಗುತ್ತದೆ. ಶೇ 40ಕ್ಕೆ ಬಂದರೆ 38.6, ವ್ಯತ್ಯಾಸ ಕರಗಿಹೋಗಿದೆ. ಡೈನೋ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಪೂರ್ತಿ ಥ್ರಾಟಲ್‌ನಲ್ಲಿ ಎಲ್ಲ ಸರಿಯಿದ್ದು, ಟ್ರಾಫಿಕ್‌ನಲ್ಲಿ ಮಾತ್ರ ಗಾಡಿ ಮುಗ್ಗರಿಸುವುದು ಹೀಗೆ.

ಉಲ್ಟಾ ತಪ್ಪೂ ಇದೆ. ಕೆಳಗಿನ ಸಂಖ್ಯೆ 0.570 ಎಂದು ಕೂತಿದ್ದರೆ ಐಡ್ಲಿಂಗ್‌ನಲ್ಲೇ ಮಾಡ್ಯೂಲ್ ಶೇ 1.5 ತೋರಿಸುತ್ತದೆ. ಸೊನ್ನೆಯ ಕಾಲಂಗೆ ಅದು ಇಳಿಯುವುದೇ ಇಲ್ಲ, ಐಡ್ಲಿಂಗ್‌ನ ಸಂಖ್ಯೆ ಮುಕ್ಕಾಲು ಪಾಲು ಶೇ 2ರ ಕಾಲಂನಿಂದ ಬರುತ್ತಿರುತ್ತದೆ. ಥ್ರಾಟಲ್ ಬಿಟ್ಟು ಗಾಡಿ ಇಳಿಯುವಾಗ ಸೈಲೆನ್ಸರ್‌ನಲ್ಲಿ ಬರುವ ಪಟಪಟ ಸದ್ದಿಗೆ ಸೊನ್ನೆ ಕಾಲಂನಲ್ಲಿ ಏನೇ ತಿದ್ದಿದರೂ ಪೂರ್ತಿ ತಾಗದಿರುವುದು ಇದರಿಂದಲೇ.

ಇಷ್ಟು ತಿಳಿದ ಮೇಲೆ ಲ್ಯಾಪ್‌ಟಾಪ್ ತೆರೆಯುವ ಆತುರ ಬೇಡ. ಮೊದಲು ಬಟರ್‌ಫ್ಲೈ ನಿಜಕ್ಕೂ ಅದರ ಮುಚ್ಚಿದ ಜಾಗಕ್ಕೆ ಬರಬೇಕು. ಟ್ಯಾಂಕ್ ಎತ್ತಿ, ಏರ್‌ಬಾಕ್ಸ್ ತೆಗೆದು ನೋಡಿದರೆ ಬಟರ್‌ಫ್ಲೈ ಅಂಚಿನಲ್ಲಿ ಕಪ್ಪು ಮಸಿಯ ಉಂಗುರ ಕಟ್ಟಿರುವುದು ಸಾಮಾನ್ಯ. ಆ ಮಸಿ ಗಾಳಿಯ ದಾರಿ ಕಿರಿದು ಮಾಡುತ್ತದೆ, ಐಡ್ಲಿಂಗ್ ಇಳಿಯುತ್ತದೆ, ಆಮೇಲೆ ಯಾರೋ ಐಡಲ್ ಸ್ಕ್ರೂ ತಿರುಗಿಸಿ ಏರಿಸಿರುತ್ತಾರೆ. ಸ್ಕ್ರೂ ಒಳಗೆ ಹೋದಷ್ಟೂ ಬಟರ್‌ಫ್ಲೈ ತೆರೆದಿರುತ್ತದೆ, ಸಿಗ್ನಲ್ ವೋಲ್ಟೇಜ್ ಏರಿರುತ್ತದೆ. ಕ್ಯಾಲಿಬ್ರೇಟ್ ಮಾಡಿ ಮುಗಿಸಿದ ಮೇಲೆ ಥ್ರಾಟಲ್ ಬಾಡಿ ಕ್ಲೀನ್ ಮಾಡಿದರೆ ಐಡ್ಲಿಂಗ್ ಏರುತ್ತದೆ, ಸ್ಕ್ರೂ ಹಿಂದೆ ತಿರುಗಿಸಬೇಕಾಗುತ್ತದೆ, ಸೊನ್ನೆಯ ಜಾಗ ಮತ್ತೆ ಬದಲಾಗುತ್ತದೆ. ಆದ್ದರಿಂದ ಕ್ರಮ ಇದು: ಮೊದಲು ಕ್ಲೀನಿಂಗ್, ಆಮೇಲೆ ಥ್ರಾಟಲ್ ಬಾಡಿಗಳ ಸಿಂಕ್ (ಎಲ್ಲವೂ ಒಂದೇ ಸಮ ತೆರೆಯುವಂತೆ ಹೊಂದಿಸುವುದು), ಆಮೇಲೆ ಐಡ್ಲಿಂಗ್ ಆರ್‌ಪಿಎಂ, ಆಮೇಲೆ ಇಸಿಯು ಕಣ್ಣಿಗೆ ಸೆನ್ಸರ್ ಸರಿಯಿದೆಯೇ ಎನ್ನುವ ಪರೀಕ್ಷೆ, ಎಲ್ಲಕ್ಕಿಂತ ಕೊನೆಗೆ ಮಾಡ್ಯೂಲ್. ಬಟರ್‌ಫ್ಲೈ ನಿಲ್ಲುವ ಜಾಗಕ್ಕೆ ಕಾರ್ಖಾನೆಯಲ್ಲೇ ಕೂರಿಸಿ ಬಣ್ಣ ಹಚ್ಚಿ ಮುಚ್ಚಿರುವ ಸ್ಟಾಪ್ ಸ್ಕ್ರೂ ಒಂದಿರುತ್ತದೆ. ಅದನ್ನು ಮುಟ್ಟಬಾರದು. ಕೈಯಲ್ಲಿ ತಿರುಗಿಸುವ ಐಡಲ್ ನಾಬ್ ಬೇರೆ.

ಕೇಬಲ್ ಸಡಿಲವನ್ನೂ ಇದೇ ಹೊತ್ತಿಗೆ ನೋಡಬೇಕು. ಥ್ರಾಟಲ್ ಹಿಡಿಯ ಅಂಚಿನಲ್ಲಿ ಅಳೆದರೆ 3ರಿಂದ 5 ಮಿಲಿಮೀಟರ್ ಸಡಿಲ ಬಹಳ ಗಾಡಿಗಳಿಗೆ ಸರಿಹೋಗುತ್ತದೆ, ಆಯಾ ಗಾಡಿಯ ಸರ್ವಿಸ್ ಮ್ಯಾನುಯಲ್ ಹೇಳಿದ್ದೇ ಅಂತಿಮ. ಸಡಿಲವೇ ಇಲ್ಲದಿದ್ದರೆ ಹ್ಯಾಂಡಲ್ ಒಂದು ಬದಿಗೆ ತಿರುಗಿಸಿದಾಗ ಕೇಬಲ್ ಎಳೆದು ಥ್ರಾಟಲ್ ತೆರೆಯುತ್ತದೆ. ಸಡಿಲ ಹೆಚ್ಚಾದರೆ ಹಿಡಿ ಕೊನೆಯವರೆಗೆ ತಿರುಗಿದರೂ ಬಟರ್‌ಫ್ಲೈ ಪೂರ್ತಿ ತೆರೆಯುವುದಿಲ್ಲ. ಹಿಡಿ ತಿರುಗಿಸಿ ಹಿಡಿದುಕೊಂಡು ಥ್ರಾಟಲ್ ಬಾಡಿಯ ಪುಲ್ಲಿಯನ್ನು ಬೆರಳಿನಿಂದ ಇನ್ನಷ್ಟು ತಳ್ಳಿ ನೋಡಿದರೆ ಗೊತ್ತಾಗುತ್ತದೆ. ಅದು ಇನ್ನೂ ಹೋದರೆ ಕೇಬಲ್ ಬಿಗಿ ಮಾಡಬೇಕು. ಹಾಗೇ ಕ್ಯಾಲಿಬ್ರೇಟ್ ಮಾಡಿದರೆ ಮಾಡ್ಯೂಲ್ ಶೇ 100 ಎಂದು ತೋರಿಸುತ್ತದೆ, ಎಂಜಿನ್‌ಗೆ ಮಾತ್ರ ಪೂರ್ತಿ ಗಾಳಿ ಸಿಕ್ಕಿರುವುದಿಲ್ಲ.

ಇಸಿಯು ವಿಷಯದಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಮಾಡ್ಯೂಲ್‌ನಲ್ಲಿ ಮಾಡುವ ಕ್ಯಾಲಿಬ್ರೇಷನ್ ಮಾಡ್ಯೂಲ್‌ಗೆ ಮಾತ್ರ. ಇಸಿಯು ತನ್ನ ಲೆಕ್ಕವನ್ನು ತಾನೇ ಮಾಡಿಕೊಳ್ಳುತ್ತದೆ, ಇಂಜೆಕ್ಟರ್‌ಗೆ ಮೂಲ ಆದೇಶ ಅದರದ್ದೇ. ಮಾಡ್ಯೂಲ್ ಅದರ ಮೇಲೆ ಶೇಕಡಾವಾರು ಕೂಡಿಸುತ್ತದೆ ಅಥವಾ ಕಳೆಯುತ್ತದೆ. ಸೆನ್ಸರ್ ಬ್ರಾಕೆಟ್ ಸರಿದು ಇಸಿಯುವಿಗೇ ತಪ್ಪು ಸಿಗ್ನಲ್ ಹೋಗುತ್ತಿದ್ದರೆ ಮಾಡ್ಯೂಲ್‌ನಲ್ಲಿ ಏನು ಮಾಡಿದರೂ ಅದು ಸರಿಹೋಗದು. ಸುಜುಕಿಯ ಹಲವು ಮಾದರಿಗಳಲ್ಲಿ ಡೀಲರ್ ಮೋಡ್‌ಗೆ (ಮೆಕ್ಯಾನಿಕ್ ಪರೀಕ್ಷೆಯ ಸ್ಥಿತಿಗೆ) ಹೋದರೆ ಗಾಡಿಯ ಮೀಟರ್‌ನಲ್ಲಿ ಸಿ00 ಪಕ್ಕ ಒಂದು ಗೆರೆ ಕಾಣುತ್ತದೆ. ಎಂಜಿನ್ ಬಿಸಿಯಾಗಿ ಐಡ್ಲಿಂಗ್ ಸರಿಯಿದ್ದಾಗ ಆ ಗೆರೆ ನಡುವಿನಲ್ಲಿರಬೇಕು, ಮೇಲೆ ಅಥವಾ ಕೆಳಗೆ ಇದ್ದರೆ ಸೆನ್ಸರನ್ನು ಕೂದಲೆಳೆಯಷ್ಟು ತಿರುಗಿಸಿ ನಡುವಿಗೆ ತರಬೇಕು. ಯಮಹಾದ ಹಲವು ಗಾಡಿಗಳಲ್ಲಿ ಡಯಾಗ್ ಮೋಡ್‌ನ 01ರಲ್ಲಿ ಥ್ರಾಟಲ್ ಕೋನ ಕಾಣುತ್ತದೆ. ಸುಜುಕಿ, ಕವಾಸಾಕಿಯ ಕೆಲವು ಗಾಡಿಗಳಲ್ಲಿ ಬಟರ್‌ಫ್ಲೈಗಳ ಎರಡು ಸಾಲು ಇರುತ್ತವೆ. ಎರಡನೆಯ ಸಾಲನ್ನು ಇಸಿಯು ಮೋಟಾರ್ ಮೂಲಕ ತಿರುಗಿಸುತ್ತದೆ, ಅದಕ್ಕೂ ಒಂದು ಸೆನ್ಸರ್ ಇದೆ. ಎರಡೂ ನೋಡಲು ಒಂದೇ ಥರ. ಮಾಡ್ಯೂಲ್‌ಗೆ ಬೇಕಾದದ್ದು ಕೇಬಲ್‌ಗೆ ಸೇರಿದ ಮುಖ್ಯ ಸಾಲಿನ ಸೆನ್ಸರ್.

ಸೆನ್ಸರ್ ಆರೋಗ್ಯ ನೋಡಲು ಮಲ್ಟಿಮೀಟರ್ ಸಾಕು. ಕನೆಕ್ಟರ್ ಬಿಚ್ಚದೆ, ಹಿಂಬದಿಯಿಂದ ಸಣ್ಣ ಪಿನ್ ತೂರಿಸಿ, ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಅಳೆಯಬೇಕು. ಒಂದು ವೈರ್ 4.9ರಿಂದ 5.1ರೊಳಗೆ ಕದಲದೆ ನಿಲ್ಲುತ್ತದೆ. ಒಂದು ಸೊನ್ನೆಗೆ ಅಂಟಿಕೊಂಡಿರುತ್ತದೆ. ಥ್ರಾಟಲ್ ತಿರುಗಿಸಿದಂತೆ ಏರುವುದೇ ಸಿಗ್ನಲ್. ವೈರ್ ಬಣ್ಣ ನಂಬಿ ಕೂರುವುದಕ್ಕಿಂತ ಹೀಗೆ ಅಳೆದು ಗುರುತಿಸುವುದು ಕ್ಷೇಮ. ಆಮೇಲೆ ಹಿಡಿಯನ್ನು ಬಹಳ ನಿಧಾನಕ್ಕೆ ತಿರುಗಿಸುತ್ತಾ ಹೋಗಬೇಕು. ಸಂಖ್ಯೆ ಎಲ್ಲೂ ಬೀಳದೆ, ಹಾರದೆ ಏರಬೇಕು. ಒಳಗಿನ ಪಟ್ಟಿಯ ಮೇಲೆ ಮುಳ್ಳು ಜಾರುವ ಹಳೆಯ ಪೊಟೆನ್ಶಿಯೋಮೀಟರ್ ಸೆನ್ಸರ್‌ಗಳಲ್ಲಿ ಆ ಪಟ್ಟಿ ಸವೆಯುವುದು ಹೆಚ್ಚಾಗಿ ಮೊದಲ ಕಾಲುಭಾಗದಲ್ಲೇ, ಮುಳ್ಳು ಸದಾ ಅಲ್ಲೇ ಓಡಾಡುವುದರಿಂದ. ಡಿಜಿಟಲ್ ಮೀಟರ್ ನಿಧಾನವಾದ್ದರಿಂದ ಕ್ಷಣಮಾತ್ರದ ಕುಸಿತ ಅದರಲ್ಲಿ ತಪ್ಪಿಹೋಗಬಹುದು, ಮುಳ್ಳಿನ ಮೀಟರ್ ಇದ್ದರೆ ಅದೇ ಒಳ್ಳೆಯದು. ಸವೆದ ಸೆನ್ಸರ್‌ಗೆ ಕ್ಯಾಲಿಬ್ರೇಷನ್ ಮದ್ದಲ್ಲ, ಬದಲಿಸಲೇಬೇಕು. ಕನೆಕ್ಟರ್ ಬಿಚ್ಚಿ ಓಮ್ ಅಳೆಯುವ ಪರೀಕ್ಷೆ ಪೊಟೆನ್ಶಿಯೋಮೀಟರ್ ಬಗೆಗೆ ಮಾತ್ರ ಸಲ್ಲುತ್ತದೆ. ಬಹುತೇಕ 4ರಿಂದ 6 ಕಿಲೋಓಮ್ ಬರುತ್ತದೆ. ಅಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಸೆನ್ಸರ್ ಆದರೆ ಆ ಅಳತೆಗೆ ಅರ್ಥವಿಲ್ಲ.

ಮಾಡ್ಯೂಲ್‌ನ ವೈರ್ ಸೇರುವ ಜಾಗವನ್ನು ಸ್ವಲ್ಪ ಹತ್ತಿರದಿಂದಲೇ ನೋಡಬೇಕು. ಕೆಲವು ಗಾಡಿಗಳಿಗೆ ಸೆನ್ಸರ್ ಕನೆಕ್ಟರ್ ನಡುವೆ ಸಿಕ್ಕಿಸುವ ಹಾರ್ನೆಸ್ ಬರುತ್ತದೆ. ಹಲವಕ್ಕೆ ಮಾಡ್ಯೂಲ್‌ನ ಬೂದು ವೈರನ್ನು ಪೊಸಿ-ಟ್ಯಾಪ್ ಎನ್ನುವ ಸಣ್ಣ ಪ್ಲಾಸ್ಟಿಕ್ ಜೋಡಣೆಯಿಂದ ಸಿಗ್ನಲ್ ವೈರ್‌ಗೆ ಸೇರಿಸಬೇಕು. ಅದರೊಳಗೆ ಒಂದು ಸೂಜಿ ಇದೆ. ಮುಚ್ಚಳ ಬಿಗಿ ಮಾಡಿದಂತೆ ಅದು ಇನ್ಸುಲೇಷನ್ ಚುಚ್ಚಿ ಒಳಗಿನ ತಾಮ್ರಕ್ಕೆ ತಾಗುತ್ತದೆ. ಈ ಗಾಡಿಯಲ್ಲಿ ಮೊದಲ ಸಲ ಪರದೆ ನೋಡಿದಾಗ, ಥ್ರಾಟಲ್ ಮುಟ್ಟದಿದ್ದರೂ ಹಾರ್ನೆಸ್ ಅಲುಗಾಡಿಸಿದರೆ ಸಂಖ್ಯೆ 0.62ರಿಂದ 0.9ರವರೆಗೆ ಜಿಗಿಯುತ್ತಿತ್ತು. ಟ್ಯಾಪ್ ಬಿಚ್ಚಿ ನೋಡಿದರೆ ಸೂಜಿ ವೈರಿನ ನಡುವಿಗೆ ಹೋಗದೆ ಪಕ್ಕಕ್ಕೆ ಜಾರಿ ಎಳೆಗಳನ್ನು ಸವರಿಕೊಂಡು ನಿಂತಿದೆ, ತೂತಿನ ಬಾಯಲ್ಲಿ ತಾಮ್ರ ಹಸಿರುಗಟ್ಟಿದೆ. ಅದೇ ತೂತಿಗೆ ಮತ್ತೆ ಚುಚ್ಚಬಾರದು. ಹಳೆಯ ಜಾಗಕ್ಕೆ ಟೇಪ್ ಸುತ್ತಿ, ಎರಡು ಸೆಂಟಿಮೀಟರ್ ಆಚೆ ವೈರನ್ನು ಟ್ಯಾಪ್‌ನ ತೋಡಿನಲ್ಲಿ ನೇರವಾಗಿ ಕೂರಿಸಿ, ಬೆರಳಿನಿಂದಲೇ ಬಿಗಿ ಮಾಡಿದರೆ ಸಾಕು. ಇಕ್ಕಳ ಹಾಕಿ ತಿರುವಿದರೆ ತಾಮ್ರದ ಎಳೆಗಳು ತುಂಡಾಗುತ್ತವೆ, ಆಗ ಮಾಡ್ಯೂಲ್ ಜೊತೆಗೆ ಇಸಿಯುವಿನ ಸಿಗ್ನಲ್ಲೂ ಹಾಳು. ನನ್ನ ಮಟ್ಟಿಗೆ, ಮಳೆಯಲ್ಲಿ ಓಡುವ ಗಾಡಿಗೆ ಬೆಸುಗೆ ಹಾಕಿ ಮೇಲೆ ಹೀಟ್ ಶ್ರಿಂಕ್ ಸುತ್ತುವುದೇ ಉತ್ತಮ.

ಟ್ಯಾಪ್ ಸರಿಯಿದೆಯೇ ಎಂದು ತಿಳಿಯಲು ಸುಲಭದ ದಾರಿ: ಸೆನ್ಸರ್ ಬಳಿ ಮೀಟರ್ ಹೇಳುವ ವೋಲ್ಟೇಜ್ ಮತ್ತು ಲ್ಯಾಪ್‌ಟಾಪ್ ಪರದೆಯ ವೋಲ್ಟೇಜ್ ಎರಡನ್ನೂ ಒಟ್ಟಿಗೆ ನೋಡುವುದು. 0.02 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಜೋಡಣೆ ಅಥವಾ ಗ್ರೌಂಡ್ ಅನುಮಾನಿಸಬೇಕು. ಮಾಡ್ಯೂಲ್‌ನ ಗ್ರೌಂಡ್ ವೈರ್ ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ಗೇ ಹೋಗಬೇಕು. ಬಣ್ಣ ಬಳಿದ ಫ್ರೇಮ್ ಬೋಲ್ಟ್‌ಗೆ ಕಟ್ಟಿದರೆ ಫ್ಯಾನ್ ಆನ್ ಆದಾಗ, ಹೆಡ್‌ಲೈಟ್ ಹಾಕಿದಾಗ ಸಂಖ್ಯೆ ಸರಿಯುತ್ತದೆ.

ಇನ್ನು ನಿಜವಾದ ಕೆಲಸ. ಗಾಡಿ ಸ್ಟ್ಯಾಂಡ್ ಮೇಲೆ, ನ್ಯೂಟ್ರಲ್‌ನಲ್ಲಿ, ಗಾಳಿಯಾಡುವ ಜಾಗದಲ್ಲಿ. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸುವುದು ಪ್ರಾಣಕ್ಕೇ ಅಪಾಯ. ಬ್ಯಾಟರಿ ಚೆನ್ನಾಗಿ ಚಾರ್ಜ್ ಆಗಿರಬೇಕು. ಲ್ಯಾಪ್‌ಟಾಪನ್ನು ನಾವು ಚಾರ್ಜರ್ ಕಿತ್ತು ಅದರದೇ ಬ್ಯಾಟರಿಯಲ್ಲಿ ಓಡಿಸುತ್ತೇವೆ, ಸಂಖ್ಯೆಯ ಕುಣಿತ ಕಡಿಮೆ ಇರುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಕಾಯಬೇಕು. ಈ ಕಾಯುವಿಕೆಯಲ್ಲಿ ಪರದೆ ನೋಡುತ್ತಿದ್ದರೆ ಫಾಸ್ಟ್ ಐಡಲ್ ಬಿಟ್ಟುಕೊಡುವುದು ಕಣ್ಣಿಗೇ ಕಾಣುತ್ತದೆ: 0.702, 0.68, 0.65, ಕೊನೆಗೆ 0.62ಕ್ಕೆ ಬಂದು ಕದಲದೆ ನಿಲ್ಲುತ್ತದೆ. ಬೈಪಾಸ್ ವಾಲ್ವ್‌ನಿಂದ ಐಡ್ಲಿಂಗ್ ನಿಭಾಯಿಸುವ ಗಾಡಿಗಳಲ್ಲಿ ಬಟರ್‌ಫ್ಲೈ ಕದಲುವುದಿಲ್ಲ, ಸಂಖ್ಯೆಯೂ ಬದಲಾಗದು. ಆದರೂ ಬಿಸಿ ಎಂಜಿನ್‌ನಲ್ಲೇ ತೆಗೆದುಕೊಳ್ಳುವುದು ಒಳ್ಳೆಯ ಅಭ್ಯಾಸ.

ಈಗ ಪವರ್ ಕಮಾಂಡರ್ ಟೂಲ್ಸ್ ಮೆನುವಿನಲ್ಲಿ ಕ್ಯಾಲಿಬ್ರೇಟ್, ಅದರೊಳಗೆ ಥ್ರಾಟಲ್ ಪೊಸಿಷನ್. ಈಗಿನ ವೋಲ್ಟೇಜ್, ಕನಿಷ್ಠ, ಗರಿಷ್ಠ ಕಾಣುತ್ತವೆ. ಮಾಡ್ಯೂಲ್‌ನೊಂದಿಗೆ ಬರುವ ಮ್ಯಾಪ್‌ನಲ್ಲಿ ಆ ಮಾದರಿಯ ಗಾಡಿಗೆ ಅಂದಾಜಿನ ಸಂಖ್ಯೆಗಳು ಮೊದಲೇ ಇರಬಹುದು. ಅವು ಅಂದಾಜು ಮಾತ್ರ. ಐಡ್ಲಿಂಗ್‌ನಲ್ಲಿ ಈ ಗಾಡಿಯ ಸಂಖ್ಯೆ 0.620ರಿಂದ 0.628ರ ನಡುವೆ ಆಡುತ್ತಿತ್ತು. ನಡುವಿನದನ್ನು ಕೊಡುವ ಬದಲು ನಾವು ಮೇಲಿನದನ್ನೇ, 0.628 ಅನ್ನೇ ಕನಿಷ್ಠ ಎಂದು ಕೊಡುತ್ತೇವೆ. ಹಾಗೆ ಮಾಡಿದರೆ ಐಡ್ಲಿಂಗ್‌ನಲ್ಲಿ ಸೊನ್ನೆ ಸೊನ್ನೆಯಾಗಿಯೇ ನಿಲ್ಲುತ್ತದೆ, ಕಳೆದುಕೊಳ್ಳುವುದು ಶೇ 0.1 ಮಾತ್ರ.

ಆಮೇಲೆ ಎಂಜಿನ್ ನಿಲ್ಲಿಸಿ ಕೀ ಮತ್ತೆ ಆನ್. ಎಚ್ಚರ ಬೇಕಾದ ಜಾಗ ಇದು. ಮಾಡ್ಯೂಲ್‌ಗೆ ಯುಎಸ್‌ಬಿಯಿಂದಲೂ ಕರೆಂಟ್ ಸಿಗುತ್ತದೆ, ಕೀ ಆಫ್ ಆದರೂ ಅದು ಎಚ್ಚರವಾಗಿಯೇ ಇರುತ್ತದೆ. ಆದರೆ ಸೆನ್ಸರ್‌ಗೆ ಹೋಗುವ 5 ವೋಲ್ಟ್ ನಿಂತುಹೋಗಿ ಸಿಗ್ನಲ್ ಸೊನ್ನೆಗೆ ಬೀಳುತ್ತದೆ. ಸಾಫ್ಟ್‌ವೇರ್ ಕನಿಷ್ಠವನ್ನು ತಾನೇ ಹಿಡಿದುಕೊಳ್ಳುವ ಬಗೆಯದಾದರೆ ಆ ಸೊನ್ನೆಯನ್ನೇ ಕನಿಷ್ಠ ಎಂದು ಬರೆದುಕೊಳ್ಳಬಹುದು. ಕಿಲ್ ಸ್ವಿಚ್ ಒತ್ತಿದರೆ ಇಸಿಯುವಿನ ಕರೆಂಟೇ ಹೋಗುವ ಗಾಡಿಗಳೂ ಇವೆ. ಅದಕ್ಕೇ ಬಿಸಿ ಐಡ್ಲಿಂಗ್‌ನ ಸಂಖ್ಯೆಯನ್ನು ಮೊದಲು ಕಾಗದದಲ್ಲಿ ಬರೆದುಕೊಂಡು, ಕೊನೆಯಲ್ಲಿ ಓಕೆ ಒತ್ತುವ ಮುಂಚೆ ಪರದೆಯಲ್ಲಿ ಅದೇ ಉಳಿದಿದೆಯೇ ಎಂದು ನೋಡಬೇಕು.

ಕೀ ಆನ್ ಆಗಿದ್ದು ಎಂಜಿನ್ ನಿಂತಿರುವಾಗ ಹಿಡಿಯನ್ನು ಕೊನೆಯವರೆಗೆ ತಿರುಗಿಸಿ ಹಿಡಿಯಬೇಕು. ಗಟ್ಟಿಯಾಗಿ ಹಿಡಿದರೆ ಸಾಕು, ಬಲ ಹಾಕಿ ತಿರುಚಬಾರದು. ಸಹಜವಾಗಿ ಹಿಡಿದಾಗ 4.086 ಬಂದದ್ದು ತಿರುಚಿದಾಗ 4.098ಕ್ಕೆ ಏರಿತು. ಅಷ್ಟು ಬಲ ಓಡಿಸುವಾಗ ಯಾರೂ ಹಾಕುವುದಿಲ್ಲ, ಹಾಗಾಗಿ ಆ ಸಂಖ್ಯೆ ಕೊಟ್ಟರೆ ಶೇ 100 ಎಂದೂ ಬಾರದು. ನಾವು ಗರಿಷ್ಠಕ್ಕೆ 4.07 ಕೊಡುತ್ತೇವೆ, ಪೂರ್ತಿ ಥ್ರಾಟಲ್‌ನಲ್ಲಿ 100 ಖಚಿತವಾಗಿ ಕಾಣಲಿ ಎಂದು. ಪರದೆಯಲ್ಲಿ 96ಕ್ಕೇ ನಿಂತರೆ ಪೂರ್ತಿ ಥ್ರಾಟಲ್‌ನಲ್ಲೂ ಐದರಲ್ಲಿ ಒಂದು ಪಾಲು ಸಂಖ್ಯೆ 80ರ ಕಾಲಂನಿಂದ ಬರುತ್ತಿರುತ್ತದೆ. ಗರಿಷ್ಠ ತೆಗೆದುಕೊಳ್ಳಲು ಓಡುವ ಎಂಜಿನನ್ನು ಪೂರ್ತಿ ರೇಸ್ ಮಾಡುವ ಅಗತ್ಯವೇ ಇಲ್ಲ. ಲೋಡ್ ಇಲ್ಲದೆ ಹಾಗೆ ಮಾಡುವುದು ಎಂಜಿನ್‌ಗೆ ಕೆಟ್ಟದ್ದು.

ಕೇಬಲ್ ಇಲ್ಲದ, ಹಿಡಿಯಲ್ಲೇ ಸೆನ್ಸರ್ ಇರುವ ಗಾಡಿಗಳಲ್ಲಿ ಒಂದು ತೊಡಕು. ಬಟರ್‌ಫ್ಲೈ ತಿರುಗಿಸುವುದು ಇಸಿಯುವಿನ ಮೋಟಾರ್. ಎಂಜಿನ್ ನಿಂತಿರುವಾಗ ಹಿಡಿ ಪೂರ್ತಿ ತಿರುಗಿಸಿದರೂ ಕೆಲವು ಗಾಡಿಗಳಲ್ಲಿ ಬಟರ್‌ಫ್ಲೈ ಪೂರ್ತಿ ತೆರೆಯುವುದಿಲ್ಲ. ಮಾಡ್ಯೂಲ್ ವೈರ್ ಹೋಗಿರುವುದು ಹಿಡಿಯ ಸೆನ್ಸರ್‌ಗೋ ಬಟರ್‌ಫ್ಲೈ ಸೆನ್ಸರ್‌ಗೋ ಎಂದು ಅಳವಡಿಕೆ ಕೈಪಿಡಿಯಲ್ಲಿ ನೋಡಿಕೊಂಡೇ ಮುಂದುವರಿಯಬೇಕು.

ಓಕೆ ಒತ್ತಿ ಸೇವ್ ಆದ ಮೇಲೆ ಯುಎಸ್‌ಬಿ ಕಿತ್ತು ಮತ್ತೆ ಹಾಕಿ, ಎರಡೂ ಸಂಖ್ಯೆ ಉಳಿದಿವೆಯೇ ಎಂದು ನೋಡುತ್ತೇವೆ. ಹೊಸ ಮ್ಯಾಪ್ ಕಳಿಸಿದ ಮೇಲೂ ಒಮ್ಮೆ. ಕೀ ಆನ್‌ನಲ್ಲಿ ಹಿಡಿಯನ್ನು ನಿಧಾನಕ್ಕೆ 0ಯಿಂದ 100ಕ್ಕೆ ಒಯ್ದು, ಫಟ್ಟನೆ ಬಿಟ್ಟು, ಪ್ರತಿ ಸಲವೂ ಸೊನ್ನೆಗೇ ಮರಳುತ್ತದೆಯೇ ಎಂದು ನೋಡಬೇಕು. ಒಮ್ಮೆ 0, ಒಮ್ಮೆ 1.2 ಎಂದು ನಿಂತರೆ ಕೇಬಲ್ ಎಲ್ಲೋ ತೊಡರುತ್ತಿದೆ ಅಥವಾ ಪುಲ್ಲಿಯ ಸ್ಪ್ರಿಂಗ್ ಸೋತಿದೆ. ಬಳಿಕ ಎಂಜಿನ್ ಸ್ಟಾರ್ಟ್ ಮಾಡಿ ಐಡ್ಲಿಂಗ್‌ನಲ್ಲಿ ಹ್ಯಾಂಡಲನ್ನು ಎಡಗೊನೆಯಿಂದ ಬಲಗೊನೆಗೆ ತಿರುಗಿಸಬೇಕು, ಹೈ ಬೀಮ್ ಹಾಕಬೇಕು, ಫ್ಯಾನ್ ತಿರುಗುವವರೆಗೆ ಬಿಡಬೇಕು. ಈ ಮೂರರಲ್ಲೂ ಸೊನ್ನೆ ಕದಲಬಾರದು.

ರಸ್ತೆಯಲ್ಲಿ ನೋಡಬೇಕಾದದ್ದು ಎರಡನೇ ಗೇರ್‌ನಲ್ಲಿ, 3,000 ಆರ್‌ಪಿಎಂ ಆಸುಪಾಸಿನಲ್ಲಿ, ಥ್ರಾಟಲ್ ಬಿಟ್ಟು ಮತ್ತೆ ಮೆಲ್ಲಗೆ ತೆರೆಯುವ ಆ ಒಂದು ಕ್ಷಣ. ಮೊದಲು ಅಲ್ಲಿ ಚೈನ್ ಸಡಿಲವಿದ್ದಂತೆ ಹಿಡಿದೆಳೆಯುತ್ತಿದ್ದ ಗಾಡಿ ಈಗ ಮೃದುವಾಗಿ ಎತ್ತಿಕೊಂಡಿತು. ಜರ್ಕ್ ಹಾಗೇ ಉಳಿದಿದ್ದರೆ ಮಾತ್ರ 2 ಮತ್ತು 5ರ ಕಾಲಂ ತಿದ್ದಲು ಕೂರಬೇಕು. ಆಟೋಟ್ಯೂನ್ (ಮ್ಯಾಪ್‌ಗೆ ತಿದ್ದುಪಡಿ ತಾನೇ ಕಲಿಯುವ ಉಪಕರಣ) ಜೋಡಿಸಿದವರು ಇಲ್ಲಿ ಇನ್ನೊಂದು ಕೆಲಸ ಮಾಡಬೇಕು: ಕ್ಯಾಲಿಬ್ರೇಷನ್ ತಪ್ಪಿದ್ದಾಗ ಅದು ಕಲಿತ ತಿದ್ದುಪಡಿಗಳೆಲ್ಲ ತಪ್ಪು ಚೌಕಗಳಲ್ಲಿ ಕೂತಿರುತ್ತವೆ, ಅವನ್ನು ಅಳಿಸಿ ಹೊಸದಾಗಿ ಕಲಿಯಲು ಬಿಡಬೇಕು.

ಐಡಲ್ ಸ್ಕ್ರೂ ತಿರುಗಿಸಿದರೆ, ಸೆನ್ಸರ್ ಅಥವಾ ಥ್ರಾಟಲ್ ಬಾಡಿ ಬಿಚ್ಚಿದರೆ, ಕೇಬಲ್ ಬದಲಿಸಿದರೆ, ಟ್ಯಾಪ್ ಮುಟ್ಟಿದರೆ ಮತ್ತೆ ಕ್ಯಾಲಿಬ್ರೇಟ್ ಮಾಡಬೇಕು. ಸೈಲೆನ್ಸರ್ ಅಥವಾ ಏರ್ ಫಿಲ್ಟರ್ ಬದಲಿಸಿದ್ದಕ್ಕೆ ಬೇಡ. ಆಗ ಬದಲಾಗಬೇಕಾದದ್ದು ಮ್ಯಾಪ್, ಈ ಎರಡು ಸಂಖ್ಯೆಗಳಲ್ಲ.